ಮಗಳಿಗೊಂದು ಪತ್ರ: ಶೇಂಗಾ ಎಣ್ಣೆಯ ಲೆಕ್ಕ

ಚಳ್ಳಕೆರೆ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ಹಬ್ಬಕ್ಕೆ ಬಂದಾಗ ಜಾಗತೀಕರಣದಿಂದ ಅಸಮಾನತೆ ತಗ್ಗಿದೆಯೆಂದು ನೀನೂ, ಹೆಚ್ಚಿದೆಯೆಂದು ನಾನೂ ವಾದಿಸಿದೆವಲ್ಲ, ಆಮೇಲೆ ಯೋಚಿಸಿದಾಗ ಇಬ್ಬರೂ ಬೇರೆ ಬೇರೆ ಪುಟ ಓದುತ್ತಿದ್ದೆವು ಎನ್ನಿಸಿತು. ಚೀನಾದಲ್ಲಿ ನಲವತ್ತು ವರ್ಷಗಳಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರು. ದೇಶ ದೇಶಗಳ ನಡುವಿನ ಅಂತರ ಇಳಿದಿರುವುದು ನಿಜ. ಆದರೆ ನಮ್ಮ ದೇಶದೊಳಗೆ, ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಪಿಕೆಟ್ಟಿ ಮತ್ತು ಸಂಗಡಿಗರ ಅಂದಾಜಿನಂತೆ, 1982ರಲ್ಲಿ ರಾಷ್ಟ್ರೀಯ ಆದಾಯದ ಶೇ 6ರಷ್ಟು ಪಡೆಯುತ್ತಿದ್ದ ಮೇಲ್ತುದಿಯ ಶೇ 1ರಷ್ಟು ಜನ 2022–23ರಲ್ಲಿ ಶೇ 22.6ರಷ್ಟು ಪಡೆದರು. ಇದನ್ನು ಒಪ್ಪದವರು, ಅಂತರ ಅಷ್ಟು ಹೆಚ್ಚಿಲ್ಲವೆಂದು ತೋರಿಸಲು ಮನೆಖರ್ಚಿನ ಸಮೀಕ್ಷೆಗಳನ್ನು ಮುಂದಿಡುತ್ತಾರೆ. ಅಂಥ ಸಮೀಕ್ಷೆಗೆ ಭಾರಿ ಶ್ರೀಮಂತರು ಸಿಗುವುದೇ ಅಪರೂಪವೆಂಬುದು ನನ್ನ ತಕರಾರು.

ನಾನು ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲ ನಿನಗೆ ನೆನಪಿರಲಾರದು. ಸುಗ್ಗಿಯಲ್ಲಿ ಶೇಂಗಾ ಚೀಲಗಳ ಸಾಲು ರಸ್ತೆಯವರೆಗೂ ಬರುತ್ತಿತ್ತು. ಒಳಗೆ ಹೆಂಗಸರು ನೆಲದ ಮೇಲೆ ಕುಳಿತು, ಕೆಟ್ಟ ಬೀಜ, ಕಲ್ಲುಗಳನ್ನು ಆರಿಸುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ಎಮ್ಮೆಗೆಂದು ಇನ್ನೂ ಬಿಸಿಯಿದ್ದ ಹಿಂಡಿಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. 1994ರಲ್ಲಿ ಸರ್ಕಾರದವರು ಪಾಮೋಲಿನ್, ಅಂದರೆ ಸಂಸ್ಕರಿಸಿದ ತಾಳೆ ಎಣ್ಣೆಯ ಆಮದನ್ನು ಶೇ 65ರ ಸುಂಕದೊಂದಿಗೆ ಮುಕ್ತಗೊಳಿಸಿದರು, 1998ರ ಹೊತ್ತಿಗೆ ಸುಂಕ ಶೇ 15ಕ್ಕೆ ಇಳಿದಿತ್ತು. ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆಯ ಬೆಲೆಗೆ ನಮ್ಮ ಶೇಂಗಾ ಎಣ್ಣೆ ನಿಲ್ಲಲಿಲ್ಲ. ಮಳೆಯೂ ಕೈಕೊಟ್ಟಿತ್ತೆನ್ನಿ, ಎಲ್ಲ ತಪ್ಪನ್ನೂ ಹೊರದೇಶದ ಎಣ್ಣೆಯ ತಲೆಗೆ ಕಟ್ಟಿದರೆ ನಾನು ಒಳ್ಳೆಯ ಗುಮಾಸ್ತನಲ್ಲ.

ಹೊರಗಿನ ಎಣ್ಣೆಗೆ ತೆರೆದ ಅದೇ ಬಾಗಿಲು ನಿನಗೆ ಬೆಂಗಳೂರಿನ ಕೆಲಸ ಕೊಟ್ಟಿತು, ನಿನ್ನ ಸಂಬಳದಿಂದಲೇ ಈ ಮನೆಯ ತಾರಸಿ ಬಂತು. ವ್ಯಾಪಾರದಿಂದ ಗೆದ್ದವರ ಲಾಭದಲ್ಲಿ ಒಂದು ಪಾಲು ತೆಗೆದು ಸೋತವರಿಗೆ ತುಂಬಿಕೊಟ್ಟರೂ ದೇಶಕ್ಕೆ ಉಳಿತಾಯವೇ ಎನ್ನುತ್ತಾರೆ ಅರ್ಥಶಾಸ್ತ್ರಜ್ಞರು. ಆ ತುಂಬಿಕೊಡುವ ಬಾಬ್ತು ಯಾವ ಲೆಕ್ಕದ ಪುಸ್ತಕದಲ್ಲಿ ಬರೆದಿದ್ದಾರೆಂದು ನಾನು ಹುಡುಕುತ್ತಲೇ ಇದ್ದೇನೆ. ಬೀಜ ಆರಿಸುತ್ತಿದ್ದ ಹೆಂಗಸರಿಗೆ ಗಿರಣಿ ಮುಚ್ಚಿದ ದಿನ ಸಿಕ್ಕಿದ್ದು ಆ ವಾರದ ಕೂಲಿ ಮಾತ್ರ, ಅದನ್ನು ಬರೆದು ಕೊಟ್ಟವನೂ ನಾನೇ.

ಅವರಲ್ಲೊಬ್ಬಾಕೆ ಮೊನ್ನೆ ಕಿರಾಣಿ ಅಂಗಡಿಯಲ್ಲಿ ಸಿಕ್ಕಳು. ಅಗ್ಗವೆಂದು ತಾಳೆ ಎಣ್ಣೆಯ ಪ್ಯಾಕೆಟ್ ಕೊಂಡಳು, ನಿನ್ನನ್ನೂ ವಿಚಾರಿಸಿದಳು.

ಇಂತಿ ನಿನ್ನ ಅಪ್ಪ