ಕ್ರೀಡಾ ವರದಿಗಾರರ ಗಮನಕ್ಕೆ: ಆಟಗಾರರ ಅಂಕ, ಹಾಜರಾತಿ ವಿಚಾರ

ಎಲ್ಲರಿಗೂ ನಮಸ್ಕಾರ. ಅಂತರ ವಿಶ್ವವಿದ್ಯಾಲಯ ಪಂದ್ಯಗಳ ವರದಿಗೆ ಹೋಗುವವರು, ಡೆಸ್ಕ್‌ನವರು, ಛಾಯಾಗ್ರಾಹಕರು ದಯವಿಟ್ಟು ಪೂರ್ತಿ ಓದಿ.

ಆಟಗಾರರು ತಂಡದಿಂದ ಹೊರಗುಳಿದರೆ ‘ಆಯ್ಕೆಗೆ ಲಭ್ಯರಿಲ್ಲ’ ಎಂದಷ್ಟೇ ಬರೆಯಿರಿ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯಗಳು), ಹಾಜರಾತಿ ಕೊರತೆ, ನಕಲಿನ ಆರೋಪ ಇವೆಲ್ಲ ಅವರ ಒಪ್ಪಿಗೆಯಿಲ್ಲದೆ ಬೇಡ. ಕೋಚ್ ಹೇಳಿದರೆ ಅದು ಆಟಗಾರರ ಒಪ್ಪಿಗೆ ಆಗುವುದಿಲ್ಲ.

ಹೆಚ್ಚು ಎಡವುವುದು ತಂಡದ ಪಟ್ಟಿಯ ಫೋಟೊದಲ್ಲಿ. ಅದರಲ್ಲಿ ನೋಂದಣಿ ಸಂಖ್ಯೆ ಇರುತ್ತದೆ. ಅದೊಂದು ಸಿಕ್ಕರೆ ಹಲವು ವಿಶ್ವವಿದ್ಯಾಲಯಗಳ ಫಲಿತಾಂಶ ಪುಟದಲ್ಲಿ ಯಾರು ಬೇಕಾದರೂ ಅಂಕ ನೋಡಬಹುದು. ಮಸುಕು ಮಾಡಿದರೆ ಸಾಲದು, ಆ ಕಾಲಂ ಕತ್ತರಿಸಿಯೇ ಹಾಕಿ. ಫಲಿತಾಂಶ ‘ತಡೆಹಿಡಿಯಲಾಗಿದೆ’ ಎಂದಿದ್ದರೆ ಅದು ನಪಾಸು ಎಂದಲ್ಲ. ಶುಲ್ಕ ಬಾಕಿಯಿದ್ದರೂ, ಆಂತರಿಕ ಅಂಕ ತಲುಪದಿದ್ದರೂ ಹಾಗೆ ಬರುತ್ತದೆ.

ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳನ್ನು ಗುಟ್ಟಾಗಿಡುವ ಅಮೆರಿಕದ 1974ರ ಫೆರ್ಪಾ ಕಾನೂನು ಸಹ ಕಾಲೇಜನ್ನು ಕಟ್ಟುತ್ತದೆ, ಪತ್ರಿಕೆಯನ್ನಲ್ಲ. ನಮ್ಮಲ್ಲಿ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿದೆ. ಆದರೂ ಒಂದು ಸಾಲು ತೆಗೆಯುವ ನಿರ್ಧಾರ ಕೊನೆಗೆ ನಮ್ಮದೇ. ಹತ್ತೊಂಬತ್ತರ ಹುಡುಗಿಯ ಹೆಸರಿನ ಜೊತೆ ‘ಫೇಲ್’ ಶೀರ್ಷಿಕೆ ಕೆಲಸ ಹುಡುಕುವ ಹೊತ್ತಿಗೂ ಅಂತರ್ಜಾಲದ ಹುಡುಕಾಟದಲ್ಲಿ ಮೇಲೆಯೇ ಬರುತ್ತದೆ.

ಕಾಲೇಜೇ ಅಂಕ ಅಥವಾ ಹಾಜರಾತಿ ತಿದ್ದಿ ಆಡಿಸಿದ್ದರೆ ಅದು ಖಂಡಿತ ಸುದ್ದಿ. ಆಗ ದಾಖಲೆ ಪರಿಶೀಲಿಸಿ, ಕಾಲೇಜಿನ ಉತ್ತರ ಪಡೆದು, ಸಂಸ್ಥೆಯ ಮೇಲೆ ಬರೆಯಿರಿ. ವಿದ್ಯಾರ್ಥಿಯ ಹೆಸರು ಹಾಕುವ ಮುನ್ನ ಸಂಪಾದಕರನ್ನು ಕೇಳಿ.

ಈ ಸೂಚನೆಗಳಿಗೆ ಒಪ್ಪಿಗೆಯಿದ್ದವರು ಗುರುವಾರ ಸಂಜೆಯೊಳಗೆ ‘ಸರಿ’ ಎಂದು ಉತ್ತರಿಸಿ. ಹಳೆಯ ವರದಿಗಳಲ್ಲಿ ಇಂಥದ್ದು ಕಂಡರೆ ಲಿಂಕನ್ನು ಗುಂಪಿಗೆ ಹಾಕದೆ ಅಡ್ಮಿನ್‌ಗೆ ನೇರವಾಗಿ ಕಳಿಸಿ.