ಸೌದೆ ತೇಲಿಹೋದ ದಾರಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿ ಹದಿನೈದು ದಿನಗಳಾದವು. ಅಮ್ಮ ಚೇತರಿಸಿಕೊಂಡು ಮತ್ತೆ ಹಿತ್ತಲಿನಲ್ಲಿ ಓಡಾಡುತ್ತಿದ್ದಾರೆಂಬ ಸುದ್ದಿ ಓದಿ ಮನಸ್ಸು ಹಗುರಾಯಿತು. ಮೇ ತಿಂಗಳಿನಲ್ಲಿ ಫ್ರಾನ್ಸಿಗೆ ಬಂದಾಗ ಪ್ಯಾರಿಸ್ಸಿನ ಹೊರಗೆ ಏನನ್ನು ನೋಡಬೇಕೆಂದು ಕೇಳಿದ್ದೀಯೆ. ನನಗೆ ಮೂರು ದಿನ ಬಿಟ್ಟುಕೊಡು, ಬರ್ಗಂಡಿ ಸೀಮೆಯ ನಿವೆರ್ನೆ ಕಾಲುವೆಯ ದಂಡೆಯ ಮೇಲೆ ನಡೆಯೋಣ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಏರಿ ಹಿಡಿದು ಶಾಲೆಗೆ ಹೋಗಿಬರುತ್ತಿದ್ದ ನಮ್ಮಿಬ್ಬರಿಗೆ ನೀರಿನ ಪಕ್ಕದ ನಡಿಗೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಆದರೆ ಈ ಕಾಲುವೆ ನಮ್ಮ ನಾಲೆಯಂತಲ್ಲ. ನಮ್ಮದು ಗದ್ದೆಗೆ ನೀರುಣಿಸುವುದಕ್ಕಾಗಿ ಹರಿಯುತ್ತದೆ. ಇದು ದೋಣಿಗಳನ್ನು ಸಾಗಿಸುವುದಕ್ಕಾಗಿ ಹೆಚ್ಚುಕಡಿಮೆ ನಿಂತೇ ಇರುತ್ತದೆ. ನೆಲ ಏರುವಲ್ಲಿ, ಇಳಿಯುವಲ್ಲಿ ಕಲ್ಲಿನ ತೊಟ್ಟಿಯೊಂದನ್ನು ಕಟ್ಟಿ, ಅದರ ಎರಡು ತುದಿಗೂ ಕದಗಳನ್ನಿಟ್ಟಿದ್ದಾರೆ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಕದ ಮುಚ್ಚಿ, ನೀರನ್ನು ತುಂಬಿಸಿ ಅಥವಾ ಬಸಿದು, ಮುಂದಿನ ಮಟ್ಟಕ್ಕೆ ಸರಿಯಾದಾಗ ಮುಂದಿನ ಕದ ತೆರೆಯುತ್ತಾರೆ. ಇಂಥ ಲಾಕ್‌ಗಳು ಸುಮಾರು 174 ಕಿಲೋಮೀಟರಿನ ಈ ಕಾಲುವೆಯಲ್ಲಿ ನೂರಕ್ಕೂ ಹೆಚ್ಚಿವೆ. ಇವುಗಳಲ್ಲಿ ಹೆಚ್ಚಿನವನ್ನು ಇಂದಿಗೂ ಕೈಯಿಂದಲೇ ತಿರುಗಿಸಿ ತೆರೆಯುತ್ತಾರೆ. ಒಂದೊಂದು ಲಾಕಿನ ಪಕ್ಕದಲ್ಲಿಯೂ ಕಾವಲಿನವನಿಗೆಂದು ಕಟ್ಟಿದ ಪುಟ್ಟ ಮನೆ, ಮುಂದೆ ಒಂದಿಷ್ಟು ಕೈತೋಟ. ಕಾಲುವೆಯ ಪಕ್ಕದ ದಾರಿ ದೋಣಿಗಳನ್ನು ಹಗ್ಗ ಕಟ್ಟಿ ದಡದಿಂದ ಎಳೆಯುತ್ತಿದ್ದ ದಾರಿ. ಆದ್ದರಿಂದಲೇ ಅದು ಸಮತಟ್ಟಾಗಿದೆ, ಎಲ್ಲಿಯೂ ಏದುಸಿರು ಬರಿಸುವುದಿಲ್ಲ.

ಬಾಯ್ ಎಂಬ ಕೆರೆಯಿಂದ ನಾವು ಹೊರಡೋಣ. ಕಾಲುವೆ ಬೆಟ್ಟದ ನೆತ್ತಿಯನ್ನು ದಾಟುವ ಈ ಜಾಗದಲ್ಲಿ ನೀರು ಒಂದು ಕಡೆ ಲ್ವಾರ್ ನದಿಗೆ ಸೇರಿ ಅಟ್ಲಾಂಟಿಕ್ಕಿಗೂ, ಇನ್ನೊಂದು ಕಡೆ ಯೊನ್ ಮತ್ತು ಸೇನ್ ನದಿಗಳ ಮೂಲಕ ಉತ್ತರದ ಇಂಗ್ಲಿಷ್ ಚಾನೆಲ್ ಕಡಲಿಗೂ ಹೋಗುತ್ತದೆ. ನಮ್ಮ ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಪಾಲಾಗುತ್ತದೆಯಲ್ಲ, ಹಾಗೆಯೇ ಇದು. ನೆತ್ತಿಯ ಮೇಲೆ ನೀರು ನಿಲ್ಲಿಸುವುದು ಸುಲಭದ ಮಾತಲ್ಲ. ಪ್ರತಿ ದೋಣಿಯೂ ಇಳಿಯುವಾಗ ಒಂದು ತೊಟ್ಟಿಯಷ್ಟು ನೀರನ್ನು ತನ್ನೊಡನೆ ಕೆಳಗೆ ಕೊಂಡೊಯ್ಯುತ್ತದೆ. ಆ ನೀರನ್ನು ತುಂಬಿಕೊಡುವುದಕ್ಕಾಗಿಯೇ ಬಾಯ್ ಮತ್ತು ವೋ ಎಂಬ ಎರಡು ಕೆರೆಗಳಿವೆ. ಬಾಯ್ ಕೆರೆಯ ಏರಿಯ ಮೇಲೆ ನಿಂತರೆ ಒಂದು ಪಕ್ಕ ಗಾಳಿಗೆ ತೆರೆಯೇಳುವ ಅಗಲವಾದ ಕೆರೆ, ಇನ್ನೊಂದು ಪಕ್ಕ ಕನ್ನಡಿಯಂತೆ ಸ್ತಬ್ಧವಾದ ಕಾಲುವೆ. ನಡುವೆ ನಾವು ನಡೆಯುವಷ್ಟೇ ನೆಲ. ಮೇ ತಿಂಗಳಲ್ಲಿ ಅಂಚಿನ ಜೊಂಡಿನ ನಡುವೆ ಹಳದಿ ಐರಿಸ್ ಹೂಗಳು ಅರಳಿರುತ್ತವೆ. ಬೂದುಬಣ್ಣದ ಬಕಪಕ್ಷಿ ಒಂಟಿಗಾಲಿನಲ್ಲಿ ನಿಂತಿರುತ್ತದೆ. ನಾವು ಹತ್ತು ಹೆಜ್ಜೆ ದೂರವಿರುವಾಗ ಬೇಸರದಿಂದೆಂಬಂತೆ ಎದ್ದು, ಇನ್ನೂ ಸ್ವಲ್ಪ ಮುಂದೆ ಹೋಗಿ ಇಳಿಯುತ್ತದೆ.

ಅಲ್ಲಿಂದ ಮುಂದೆ ಕೊಲಾನ್ಸೆಲ್ ಎಂಬ ಹಳ್ಳಿಯ ಕೆಳಗೆ ಕಾಲುವೆ ಬೆಟ್ಟದೊಳಕ್ಕೆ ನುಗ್ಗುತ್ತದೆ. ಒಂದರ ಹಿಂದೊಂದು ಮೂರು ಸುರಂಗಗಳು: 758, 268 ಮತ್ತು 212 ಮೀಟರ್ ಉದ್ದದವು. ಅವುಗಳಲ್ಲಿ ಎದುರುಬದುರಾಗಿ ಎರಡು ದೋಣಿಗಳು ಹೋಗಲಾರವು. ಕಾಲುದಾರಿಯಂತೂ ಇಲ್ಲವೇ ಇಲ್ಲ. ಆದ್ದರಿಂದ ನಡೆಯುವವರು ಬೆಟ್ಟ ಹತ್ತಿ, ಓಕ್ ಮತ್ತು ಬೀಚ್ ಮರಗಳ ಕಾಡಿನೊಳಗಿಂದ ಸಾಗಿ, ಆಚೆಗೆ ಮತ್ತೆ ನೀರಿನ ಬಳಿಗೆ ಇಳಿಯಬೇಕು. ಸುರಂಗಗಳ ನಡುವೆ ಬಂಡೆ ಕಡಿದು ಮಾಡಿದ ಆಳವಾದ ಕಂದರಗಳಿವೆ; ಗೋಡೆಗಳಿಂದ ಸದಾ ನೀರು ಜಿನುಗುತ್ತದೆ, ಪಾಚಿ ಮತ್ತು ಜರೀಗಿಡಗಳು ತಲೆಯೆತ್ತರಕ್ಕೂ ಮೇಲೆ ಹಬ್ಬಿವೆ. ಬೇಸಿಗೆಯ ಮಧ್ಯಾಹ್ನದಲ್ಲಿಯೂ ಅಲ್ಲಿ ಮೈ ನಡುಗುವ ತಂಪು. ಮೊದಲ ಸಲ ಅಲ್ಲಿ ನಿಂತಾಗ ಇದನ್ನೆಲ್ಲ ಪ್ರಕೃತಿಯೇ ಮಾಡಿತೆಂದು ನಂಬುವಷ್ಟು ಮೈಮರೆತಿದ್ದೆ. ಮೂರನೆಯ ಸಲಕ್ಕೆ ಗೋಡೆಯ ಮೇಲಿನ ಉಳಿಯ ಗುರುತುಗಳು ಕಂಡವು. ಅಂದಿನಿಂದ ಈ ದಾರಿಯನ್ನು ನಾನು ಬೇರೆಯೇ ಕಣ್ಣಿನಿಂದ ನೋಡುತ್ತಿದ್ದೇನೆ.

ಏಕೆಂದರೆ ಇಲ್ಲಿ ಕಾಣುವ ಶಾಂತಿ ಮೊದಲಿನಿಂದ ಇದ್ದುದಲ್ಲ. ಇಷ್ಟೆಲ್ಲ ಕಡಿದದ್ದು, ಕಟ್ಟಿದ್ದು ಮುಖ್ಯವಾಗಿ ಪ್ಯಾರಿಸ್ಸಿನ ಒಲೆಗಳಿಗೆ ಸೌದೆ ಒದಗಿಸಲು. ಸುತ್ತಲಿನ ಕಾಡು ಬರಿದಾಗಿ ರಾಜಧಾನಿ ಚಳಿಯಲ್ಲಿ ನಡುಗುತ್ತಿದ್ದ ಕಾಲದಲ್ಲಿ, ಮೊರ್ವಾಂ ಬೆಟ್ಟಗಳ ಮರವನ್ನು ಹೊಳೆಯಲ್ಲಿ ತೇಲಿಬಿಡುವ ಪದ್ಧತಿ ಆರಂಭವಾಯಿತು. ಅದರ ಹಿರಿಮೆಯನ್ನು 1549ರ ಝಾನ್ ರೂವೇ ಎಂಬ ವರ್ತಕನಿಗೆ ಕೊಡುತ್ತಾರೆ. ಚಳಿಗಾಲದಲ್ಲಿ ಕಡಿದ ತುಂಡುಗಳ ತುದಿಗೆ ಆಯಾ ವ್ಯಾಪಾರಿಯ ಮುದ್ರೆಯನ್ನು ಸುತ್ತಿಗೆಯಿಂದ ಹೊಡೆದು ತೊರೆಗಳ ಬದಿಗೆ ಒಟ್ಟುತ್ತಿದ್ದರು. ಗೊತ್ತುಪಡಿಸಿದ ದಿನ ಮೇಲಿನ ಕೆರೆಗಳ ತೂಬುಗಳನ್ನು ತೆರೆದರೆ, ಆ ಕೃತಕ ನೆರೆಯ ಮೇಲೆ ಸಾವಿರಾರು ತುಂಡುಗಳು ಒಂದಕ್ಕೊಂದು ಬಡಿದುಕೊಳ್ಳುತ್ತ ಯೊನ್ ನದಿಗೆ ಇಳಿಯುತ್ತಿದ್ದವು. ಕ್ಲಾಮ್ಸಿ ಊರಿನಲ್ಲಿ ಅವುಗಳನ್ನು ತಡೆದು, ಸೊಂಟದುದ್ದ ನೀರಿನಲ್ಲಿ ನಿಂತು ಮೇಲಕ್ಕೆಳೆದು, ಮುದ್ರೆ ನೋಡಿ ಬೇರ್ಪಡಿಸಿ, ಎಪ್ಪತ್ತು ಮೀಟರಿಗೂ ಉದ್ದವಾದ ತೆಪ್ಪಗಳಾಗಿ ಹೆಣೆದು ಪ್ಯಾರಿಸ್ಸಿಗೆ ನಡೆಸಿಕೊಂಡು ಹೋಗುತ್ತಿದ್ದರು. ಅಲ್ಲಿ ತೆಪ್ಪವನ್ನು ಬಿಚ್ಚಿ ಮಾರಿದ ಮೇಲೆ ತೆಪ್ಪದವರು ಇನ್ನೂರು ಕಿಲೋಮೀಟರಿನಷ್ಟು ದೂರವನ್ನು ಕಾಲ್ನಡಿಗೆಯಲ್ಲಿಯೇ ಹಿಂದಿರುಗುತ್ತಿದ್ದರು. ನಾವು ಸಂತೋಷಕ್ಕೆಂದು ನಡೆಯುವ ಸೀಮೆಯಲ್ಲಿ ಅವರು ಮನೆ ಸೇರುವುದಕ್ಕಾಗಿ ನಡೆದರು ಎಂಬುದನ್ನು ನಾನು ಪ್ರತಿ ಸಲವೂ ನೆನೆಯುತ್ತೇನೆ.

ಕಾಲುವೆಯ ಕೆಲಸ 1784ರಲ್ಲಿ ಶುರುವಾದರೂ ಮುಗಿದದ್ದು 1840ರ ದಶಕದಲ್ಲಿ. ಅಷ್ಟು ಹೊತ್ತಿಗೆ ಕಲ್ಲಿದ್ದಲು ಮತ್ತು ರೈಲಿನ ಕಾಲ ಬಂದಿತ್ತು. ಕ್ಲಾಮ್ಸಿಯಿಂದ ಕೊನೆಯ ತೆಪ್ಪ ಹೊರಟದ್ದು 1877ರಲ್ಲಿ. ಬಿಡಿ ತುಂಡುಗಳನ್ನು ತೇಲಿಸುವುದು 1923ರವರೆಗೂ ನಡೆಯಿತು. 1879ರಲ್ಲಿ ದೇಶದ ಕಾಲುವೆಗಳ ಲಾಕ್‌ಗಳನ್ನೆಲ್ಲ ಮೂವತ್ತೆಂಟೂವರೆ ಮೀಟರಿಗೆ ಹಿಗ್ಗಿಸುವ ಯೋಜನೆ ಬಂದಾಗಲೂ ನಿವೆರ್ನೆಯ ನಡುಭಾಗ ಹಳೆಯ ಅಳತೆಯಲ್ಲಿಯೇ ಉಳಿಯಿತು. ಹಾಗೆ ಉಳಿದದ್ದರಿಂದಲೇ ಈ ದಂಡೆಗಳಿಗೆ ಕಾರ್ಖಾನೆಗಳು ಬರಲಿಲ್ಲ ಎಂಬುದು ನನ್ನ ನಂಬಿಕೆ. ದಕ್ಷಿಣದ ಮಿದಿ ಕಾಲುವೆಗೆ ಇರುವ ಹೆಸರು ಇದಕ್ಕಿಲ್ಲ. ಆದರೆ ಎರಡರ ದಂಡೆಯಲ್ಲಿಯೂ ನಡೆದ ನಾನು ಇದನ್ನೇ ಆರಿಸುತ್ತೇನೆ.

ಸುರಂಗಗಳನ್ನು ದಾಟಿ ಪೋರ್ ಬ್ರೂಲೇ ತಲುಪಿದ ಮೇಲೆ ಸಾರ್ದಿಯ ಇಳಿಜಾರು. ಮೂರೂವರೆ ಕಿಲೋಮೀಟರಿನೊಳಗೆ ಹದಿನಾರು ಲಾಕ್‌ಗಳು, ಕಾಡಿನ ನಡುವೆ ಮೆಟ್ಟಿಲುಗಳಂತೆ ಇಳಿಯುತ್ತವೆ. ಅಂದಿನ ನಡಿಗೆ ಅಲ್ಲಿಗೆ ಸಾಕು.

ಮರುದಿನ ನಿನಗೆ ತೋರಿಸಬೇಕೆಂದು ನಾನು ಹಂಬಲಿಸುತ್ತಿರುವುದು ಕಾಲುವೆಗೆ ನೀರು ತರುವ ಕಿರುನಾಲೆಯನ್ನು. ಕೆರೆಗಳ ನೀರು ಸಾಲದೆಂದು ಯೊನ್ ನದಿಯಿಂದ ಸುಮಾರು 25 ಕಿಲೋಮೀಟರ್ ದೂರ ಇದನ್ನು ಬೆಟ್ಟದ ಮಗ್ಗುಲಿಗೆ ಅಂಟಿಸಿದಂತೆ ತಂದಿದ್ದಾರೆ. ಇಂದು ಅದು ಪಾನ್ಸಿಯೇರ್ ಅಣೆಕಟ್ಟಿನ ಬಳಿ ಆರಂಭವಾಗುತ್ತದೆ. ಇಳಿಜಾರು ಎಷ್ಟು ಕಡಿಮೆಯೆಂದರೆ, ನೀರು ಯಾವ ಕಡೆಗೆ ಹೋಗುತ್ತಿದೆಯೆಂದು ತಿಳಿಯಲು ತರಗೆಲೆಯೊಂದನ್ನು ಹಾಕಿ ನೋಡಬೇಕು. ಮೊಂತ್ರುಯ್ಯೋಂ ಹಳ್ಳಿಯ ಬಳಿ ಅದೇ ಕಿರುನಾಲೆ 33 ಮೀಟರ್ ಎತ್ತರದ, ಹದಿಮೂರು ಕಮಾನುಗಳ ಕಲ್ಲುಸೇತುವೆಯ ಮೇಲೆ ಹರಿದು, ತನ್ನ ತಾಯಿಯಾದ ಯೊನ್ ನದಿಯನ್ನೇ ದಾಟುತ್ತದೆ. ಮೇಲೆ ಮಾತಿಲ್ಲದ ನೀರು, ಕೆಳಗೆ ಕಲ್ಲಿನ ಮೇಲೆ ಸದ್ದುಮಾಡುವ ನೀರು.

ದಾರಿ ತಪ್ಪುವ ಭಯ ಬೇಡ. ದೂರದ ನಡಿಗೆಯ ದಾರಿಗಳಿಗೆ ಕೆಂಪು ಬಿಳಿ ಪಟ್ಟಿ, ಊರ ಸುತ್ತಿನ ದಾರಿಗಳಿಗೆ ಹಳದಿ ಪಟ್ಟಿಯನ್ನು ಮರಗಳ ಮೇಲೆಯೂ ಕಂಬಗಳ ಮೇಲೆಯೂ ಬಳಿದಿರುತ್ತಾರೆ. ಪಟ್ಟಿಗಳು ಅಡ್ಡಹಾಯ್ದು ಕತ್ತರಿಯಂತಿದ್ದರೆ ಅದು ನಮ್ಮ ದಾರಿಯಲ್ಲವೆಂದು ಅರ್ಥ. ಕಳೆದ ಅಕ್ಟೋಬರಿನಲ್ಲಿ ಮಳೆಗೆ ತಲೆತಗ್ಗಿಸಿ ನಡೆಯುತ್ತಿದ್ದ ನಾನು ಆ ಕತ್ತರಿಯನ್ನು ಗಮನಿಸದೆ, ಒಂದು ಗಂಟೆಗೂ ಹೆಚ್ಚು ಹೊತ್ತು ಕೆಸರಿನಲ್ಲಿ ತಪ್ಪುದಾರಿ ತುಳಿದೆ. ಶರತ್ಕಾಲದಲ್ಲಿ ಬೇಟೆಗಾರರೂ ಇರುತ್ತಾರೆ. ನೀನು ಬರುವ ಕಾಲದಲ್ಲಿ ಆ ಚಿಂತೆಯಿಲ್ಲ. ಆದರೆ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿಗಳಿರುವುದರಿಂದ ಉದ್ದನೆಯ ಪ್ಯಾಂಟ್ ತಪ್ಪದೆ ಇಟ್ಟುಕೋ. ಹಳ್ಳಿಗಳಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚುತ್ತಾರೆ. ಬೆಳಿಗ್ಗೆಯೇ ಬ್ರೆಡ್ಡು ಕೊಂಡು ಚೀಲಕ್ಕೆ ಹಾಕಿಕೊಳ್ಳಬೇಕು. ದಾರಿಯಲ್ಲಿ ಎದುರಾದವರಿಗೆ, ಗುರುತಿರಲಿ ಇಲ್ಲದಿರಲಿ, ನಿಂತು ಬೋಂಜೂರ್ ಎನ್ನಬೇಕು.

ಮೂರನೆಯ ದಿನ ಕ್ಲಾಮ್ಸಿಗೆ ಹೋಗೋಣ. ಅಲ್ಲಿಯ ಬೆತ್ಲೆಹೆಮ್ ಸೇತುವೆಯ ಮೇಲೆ ಉದ್ದನೆಯ ಕೊಕ್ಕೆಗೋಲು ಹಿಡಿದ ತೆಪ್ಪದವನ ಕಲ್ಲಿನ ಪ್ರತಿಮೆ ನದಿಯ ಕಡೆಗೆ ನೋಡುತ್ತ ನಿಂತಿದೆ. ಅಲ್ಲಿಂದ ಪ್ಯಾರಿಸ್ಸಿಗೆ ಹಿಂದಿರುಗಲು ರೈಲಿದೆ.

ಟಿಕೆಟ್ ಆದ ಕೂಡಲೇ ದಿನಾಂಕ ತಿಳಿಸು. ಅಮ್ಮನ ಕೈಯ ಚಟ್ನಿಪುಡಿ ಒಂದಿಷ್ಟು ತಂದರೆ, ಮೊದಲ ದಿನದ ಬುತ್ತಿಯನ್ನು ಬಾಯ್ ಕೆರೆಯ ಏರಿಯ ಮೇಲೆ, ಎರಡೂ ನೀರುಗಳ ನಡುವೆ ಕುಳಿತು ಬಿಚ್ಚೋಣ.

ನಿನ್ನ ದಾರಿ ಕಾಯುತ್ತಿರುವ,
ನಿನ್ನ ಗೆಳೆಯ