ಬಿಸಿಲು ಪುಕ್ಕಟೆ ಸರಿ, ಬೋರಿನ ನೀರಿಗೆ ಲೆಕ್ಕ ಇಡೋರು ಯಾರು?

ಸಂಪಾದಕರೇ,

ಸೋಲಾರ್ ಪಂಪ್‌ಸೆಟ್ ಬಗ್ಗೆ ಸುದ್ದಿ ಬಂದಾಗೆಲ್ಲ ಒಂದೇ ಥರದ ಫೋಟೊ ಇರುತ್ತದೆ. ಹಿಂದೆ ನೀಲಿ ಪ್ಲೇಟುಗಳು, ಮುಂದೆ ಪೈಪಿನಿಂದ ಧೋ ಅಂತ ಬೀಳುವ ನೀರು, ಪಕ್ಕದಲ್ಲಿ ಹಲ್ಲು ಬಿಟ್ಟು ನಿಂತ ರೈತ. ನನ್ನ ಹೊಲದಲ್ಲೂ ಅಂಥದ್ದೊಂದು ಫೋಟೊ ತೆಗೆದುಕೊಂಡು ಹೋದರು. ನಕ್ಕಿದ್ದು ನಿಜ, ಖುಷಿ ಆಗಿದ್ದೂ ನಿಜ. ಆದರೆ ಆ ನೀರು ಆಮೇಲೆ ಎಲ್ಲಿಗೆ ಹೋಯಿತು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಅದನ್ನು ಹೇಳೋಣ ಅಂತಲೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು. ಕತ್ತರಿಸಲೇಬೇಕು ಅಂದರೆ ಕೋತಿಯ ಕಥೆ ಕತ್ತರಿಸಿ, ಮಿಕ್ಕಿದ್ದು ಇರಲಿ.

ನಮ್ಮದು ಮಧುಗಿರಿ ತಾಲ್ಲೂಕು. ಮನೆ ಹತ್ತಿರ ಎರಡೂವರೆ ಎಕರೆ, ಕೆರೆಯಾಚೆ ಎರಡು ಎಕರೆ. ಮನೆ ಹತ್ತಿರದ ಹಳೇ ಬೋರಿಗೆ ಕರೆಂಟ್ ಇತ್ತು. ಕರೆಂಟ್ ಇತ್ತು ಅಂದರೆ ಹೇಗೆ, ರಾತ್ರಿ 11ಕ್ಕೋ 12ಕ್ಕೋ ತ್ರೀ ಫೇಸ್ ಬರೋದು, ಬೆಳಗಿನ ಜಾವ ಹೋಗೋದು. ಬ್ಯಾಟರಿ ಹಿಡಿದುಕೊಂಡು, ಕೆಸರಲ್ಲಿ ಕಾಲಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದು ಪಾತಿಗೆ ನೀರು ತಿರುಗಿಸಿಕೊಂಡು ಕೂರಬೇಕು. ಪಕ್ಕದ ಹೊಲದವರಿಗೆ ಹಾಗೇ ಒಂದು ರಾತ್ರಿ ಕೊಳಕುಮಂಡಲ ಕಚ್ಚಿತು. ಬದುಕಿಕೊಂಡರು, ಆದರೆ ಕಾಲು ಮೊದಲಿನ ಹಾಗೆ ಆಗಲಿಲ್ಲ. ಆಟೋ ಸ್ವಿಚ್ ಹಾಕಿಸಿ ಮಲಗಿಬಿಡುವವರೂ ಇದ್ದಾರೆ. ಅವರ ಮೋಟ್ರು ಕರೆಂಟ್ ಬಂದ ತಕ್ಷಣ ತಾನೇ ಶುರುವಾಗಿ, ಬೇಕಿರಲಿ ಬೇಡದಿರಲಿ, ಕರೆಂಟ್ ಹೋಗುವ ತನಕ ನೀರು ಸುರಿಯುತ್ತದೆ.

ಆ ಬೋರು ಬತ್ತಿತು. ಕೆರೆಯಾಚೆ ಹೊಸದು ಕೊರೆಸಿದೆವು, 720 ಅಡಿಗೆ ಒಂದೂವರೆ ಇಂಚು ನೀರು ಸಿಕ್ಕಿತು. ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಅಲ್ಲಿಂದ ಮುಕ್ಕಾಲು ಕಿಲೋಮೀಟರ್ ದೂರ. ಟಿಸಿಯಿಂದ 500 ಮೀಟರ್ ಒಳಗಿದ್ದರೆ ಲೈನು, ಅದರಾಚೆ ಇದ್ದರೆ ಸೋಲಾರ್ ಅನ್ನೋದು ನಮ್ಮ ಸರ್ಕಾರದ ಲೆಕ್ಕ. ಹಾಗಾಗಿ ನಮಗೆ ಸೋಲಾರ್ ಬಂತು. ರೈತರಿಗೆ ಸೋಲಾರ್ ಕೊಡುವ ಪಿಎಂ ಕುಸುಮ್ ಯೋಜನೆಯಲ್ಲಿ, ಲೈನಿಲ್ಲದ ಪಂಪಿನ ಬಿ ಭಾಗಕ್ಕೆ ಕೇಂದ್ರದ್ದು ನೂರಕ್ಕೆ 30, ರಾಜ್ಯದ್ದು 50, ರೈತ ಕಟ್ಟಬೇಕಾದ್ದು 20. ಡೀಸೆಲ್ ಇಂಜಿನ್ ಇಟ್ಟುಕೊಂಡು ಅನುಭವ ಇರೋರಿಗೆ ಇದು ಎಂಥ ವರ ಅಂತ ಬೇರೆ ಹೇಳಬೇಕಾಗಿಲ್ಲ.

ಮೊದಲ ತಿಂಗಳು ನಾನು ಮಾಡಿದ ದೊಡ್ಡ ಕೆಲಸ ಅಂದರೆ ನಿದ್ದೆ. ಬೆಳಗ್ಗೆ ಒಂಬತ್ತಕ್ಕೆ ಹೋಗಿ ಸ್ವಿಚ್ ಹಾಕಿದರೆ ಪೈಪಲ್ಲಿ ಮೊದಲು ಗಾಳಿ ಬರುತ್ತದೆ, ಆಮೇಲೆ ಬೆರಳು ಗಾತ್ರದ ನೀರು, ಹತ್ತೂವರೆ ಹೊತ್ತಿಗೆ ತುಂಬ್ಕೊಂಡು ಬರುತ್ತದೆ. ಮೋಡ ಬಂದರೆ ಸಣ್ಣಗಾಗುತ್ತದೆ, ಮೂರೂವರೆ ನಾಲ್ಕರ ಮೇಲೆ ಮತ್ತೆ ಸೊರಗುತ್ತದೆ. ಪ್ಲೇಟನ್ನು ಬಿಸಿಲು ಏರುವ ಮೊದಲೇ ತೊಳೆಯಬೇಕು. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಹುಯ್ಯಬಾರದು. ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ. ನಮ್ಮ ಬೋರಿನದು ಗಡಸು ನೀರು, ತೊಳೆದು ಹಾಗೇ ಬಿಟ್ಟರೆ ಒಣಗಿದ ಮೇಲೆ ಬಿಳಿ ಬಿಳಿ ಕಲೆ ಉಳಿಯುತ್ತದೆ, ಧೂಳಿಗಿಂತ ಅದೇ ಕಷ್ಟ. ಈಗ ತೊಳೆದ ಕೂಡಲೇ ಹಳೇ ಪಂಚೆಯಲ್ಲಿ ಒರೆಸುತ್ತೇನೆ. ಮಳೆ ನೀರು ಹಿಡಿದಿಟ್ಟಿದ್ದರೆ ಅದರಲ್ಲೇ ತೊಳೆಯೋದು ವಾಸಿ.

ಇನ್ನು ಕೋತಿ. ಮಧುಗಿರಿ ಬೆಟ್ಟ ನೋಡಿದವರಿಗೆ ನಮ್ಮ ಕೋತಿಗಳ ಪರಿಚಯ ಬೇಡ. ಅವಕ್ಕೆ ಪ್ಲೇಟಿನ ಮೇಲೆ ಕೂರೋದು ಅಂದರೆ ಬಲು ಇಷ್ಟ, ಚಳಿಗಾಲದಲ್ಲಿ ಬೆಚ್ಚಗಿರುತ್ತದಲ್ಲ. ಒಂದು ಗಡವ ಎಲ್ಲಿಂದಲೋ ತೆಂಗಿನಕಾಯಿ ತಂದು ಪ್ಲೇಟಿನ ಮೇಲೇ ಕುಟ್ಟಿದೆ. ಕಾಯಿ ಒಡೆಯಲಿಲ್ಲ, ಗಾಜು ಜೇಡರ ಬಲೆ ಹಾಗೆ ಬಿರುಕು ಬಿಟ್ಟಿದೆ.

ತಮಾಷೆ ಇರಲಿ, ನಿಜವಾದ ಪೆಟ್ಟು ಬಿದ್ದಿದ್ದು ಬೇರೆ ಕಡೆ. ಕಳೆದ ಮಾರ್ಚಿನಲ್ಲಿ, ಪ್ಲೇಟಿನ ಕರೆಂಟನ್ನು ಪಂಪಿಗೆ ಹೊಂದಿಸಿ ಕೊಡುವ ಕಂಟ್ರೋಲರ್ ಪೆಟ್ಟಿಗೆಯೊಳಗೆ ಹಲ್ಲಿ ಹೊಕ್ಕು ಬೋರ್ಡು ಸುಟ್ಟಿತು. ಆಗ ಅರ್ಧ ಎಕರೆ ಟೊಮೆಟೊ ಹೂ ಕಟ್ಟಿತ್ತು. ಪೆಟ್ಟಿಗೆ ಮೇಲಿದ್ದ ನಂಬರಿಗೆ ಫೋನ್ ಮಾಡಿದರೆ ಒಬ್ಬಳು ಹುಡುಗಿ ಹಿಂದಿಯಲ್ಲಿ ಮಾತಾಡಿದಳು. ನನ್ನ ಹಿಂದಿ ಆ ದೇವರಿಗೇ ಪ್ರೀತಿ. ಮಗಳ ಕೈಯಲ್ಲಿ ಮಾತಾಡಿಸಿ ಕಂಪ್ಲೇಂಟ್ ಬರೆಸಿದ್ದಾಯಿತು. ರಿಪೇರಿ ಹುಡುಗ ಬಂದಿದ್ದು 23ನೇ ದಿನಕ್ಕೆ. ಬಂದವನು ಒಳ್ಳೆಯವನೇ, "ಅಣ್ಣಾ, ನಾನೊಬ್ಬನೇ ಮೂರು ಜಿಲ್ಲೆ ನೋಡಬೇಕು, ಏನ್ ಮಾಡಲಿ ಹೇಳಿ" ಅಂದ. ಅವನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ಟೊಮೆಟೊ ಗಿಡ ಅಷ್ಟರಲ್ಲಿ ಸೌದೆ ಆಗಿತ್ತು. ಪಂಪ್ ಕೊಟ್ಟ ಕಂಪನಿ 5 ವರ್ಷ ನೋಡಿಕೊಳ್ಳಬೇಕು, ಜಿಲ್ಲೆಗೊಂದು ಸರ್ವಿಸ್ ಸೆಂಟರ್ ಇರಬೇಕು, ಸ್ಥಳೀಯ ಭಾಷೆಯ ಸಹಾಯವಾಣಿ ಇರಬೇಕು ಅಂತ ಯೋಜನೆಯ ನಿಯಮದಲ್ಲೇ ಇದೆ. ಬರೆದಿದ್ದನ್ನು ಮಾಡಿಸೋರು ಬೇಕು, ಅಷ್ಟೇ. ನಮ್ಮ ಊರಲ್ಲೇ ಐಟಿಐ ಮುಗಿಸಿ ಮೊಬೈಲ್ ಒತ್ತಿಕೊಂಡು ಕೂತ ಹುಡುಗರು ನಾಲ್ಕು ಜನ ಇದ್ದಾರೆ. ಹೋಬಳಿಗೆ ಒಬ್ಬನಿಗೆ ಕಲಿಸಿ, ಒಂದು ಕಂಟ್ರೋಲರ್ ಬೋರ್ಡು ಅವನ ಕೈಯಲ್ಲಿ ಇಟ್ಟಿದ್ದರೆ ಒಂದೇ ದಿನದಲ್ಲಿ ಆಗುವ ಕೆಲಸ.

ಇದೆಲ್ಲ ಸರಿಪಡಿಸಬಹುದಾದದ್ದು. ನನ್ನನ್ನು ಕೊರೆಯುತ್ತಿರೋದು ಇದಲ್ಲ, ನೀರು.

ಸೋಲಾರ್ ಬಂದ ಎರಡನೇ ವರ್ಷ ನಮ್ಮ ಕೆರೆಯಾಚೆ ಬಯಲಲ್ಲಿ ಏನಾಯಿತು ಗೊತ್ತಾ? ಕಡಲೆಕಾಯಿ, ತೊಗರಿ, ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಅಡಿಕೆ ಸಸಿ ಎದ್ದು ನಿಂತವು. ನಾನೂ ಅರ್ಧ ಎಕರೆ ಇಟ್ಟೆ, ಸುಳ್ಳು ಹೇಳಲ್ಲ. ಕಡಲೆಕಾಯಿಗೆ ಮಳೆ ಕೈಕೊಟ್ಟಾಗ ಒಂದೆರಡು ನೀರು ಕೊಟ್ಟರೆ ಸಾಕು. ಅಡಿಕೆ ಹಾಗಲ್ಲ. ಬೆಳೆದ ಮರಕ್ಕೆ ಬೇಸಿಗೆಯಲ್ಲಿ ಡ್ರಿಪ್ಪಿನಲ್ಲೇ ಕೊಟ್ಟರೂ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ 550 ಗಿಡ ಹಿಡಿಯಿರಿ, ಹತ್ತಿರ ಹತ್ತಿರ 9,000ದಿಂದ 11,000 ಲೀಟರ್ ಆಯಿತು, ಅದೂ ಒಂದು ದಿನಕ್ಕೆ. ಬಿಸಿಲು ಜಾಸ್ತಿ ಇರುವ ತಿಂಗಳಲ್ಲೇ ಪಂಪು ಜಾಸ್ತಿ ಎತ್ತುತ್ತದೆ, ಅದೇ ತಿಂಗಳಲ್ಲೇ ಬೋರಿನ ಮಟ್ಟ ತಳ ಕಂಡಿರುತ್ತದೆ. ಮೊದಲು ಕರೆಂಟ್ ಇಲ್ಲದ್ದೇ ಒಂದು ಕಡಿವಾಣ ಆಗಿತ್ತು ಅಂತ ಈಗ ಅನ್ನಿಸುತ್ತದೆ. ಬೈಯುತ್ತಲೇ ಇದ್ದೆವು, ಆದರೆ ಅದು ಇಲ್ಲದ ಹೊತ್ತಲ್ಲಿ ಬೋರು ಸ್ವಲ್ಪ ಉಸಿರಾಡುತ್ತಿತ್ತು. ಬಿಲ್ಲು ಮೊದಲೂ ಇರಲಿಲ್ಲ, ಈಗ ಪವರ್ ಕಟ್ಟೂ ಇಲ್ಲ, ಸ್ವಿಚ್ ಆಫ್ ಮಾಡಲು ಯಾವ ಕಾರಣವೂ ಇಲ್ಲ. ಈ ವರ್ಷ ಏಪ್ರಿಲ್ಲಿನಲ್ಲಿ ನನ್ನ ಬೋರು ಮಧ್ಯಾಹ್ನ ಒಂದರ ಹೊತ್ತಿಗೇ ಗ್ಯಾಪ್ ಕೊಡಲು ಶುರು ಮಾಡಿತು. ಹತ್ತು ನಿಮಿಷ ನೀರು, ಐದು ನಿಮಿಷ ಬರೀ ಗಾಳಿ. ಕಂಟ್ರೋಲರಿನ ಕೆಂಪು ಲೈಟು ಮಿಣಮಿಣ ಅನ್ನುತ್ತದೆ, ಕೆಳಗೆ ನೀರಿಲ್ಲ ಅಂತ. ಮೇಲೆ ನೋಡಿದರೆ ರಣಬಿಸಿಲು.

ಅಡಿಕೆ ಹಾಕಬೇಡಿ ಅಂತ ಭಾಷಣ ಮಾಡಿದರೆ ಯಾರೂ ಕೇಳಲ್ಲ. ಮಗಳ ಫೀಸು ಕಟ್ಟಬೇಕಾದವನಿಗೆ ಕಡಲೆಕಾಯಿ ರೇಟು ಹೇಳಿ ನೋಡಿ. ಡ್ರಿಪ್ ಹಾಕಿ ಅನ್ನುತ್ತಾರೆ, ಹಾಕಬೇಕು. ಆದರೆ ಡ್ರಿಪ್ಪಿನಲ್ಲಿ ಉಳಿದ ನೀರಿಗೆ ನಾವು ಇನ್ನೂ ಅರ್ಧ ಎಕರೆ ಗಿಡ ಇಡುತ್ತೇವೆ, ಬೋರಿಗೆ ಉಳಿದದ್ದೇನು? ನನಗೆ ಕಾಣೋದು ಒಂದೇ ದಾರಿ. ನೀರೆತ್ತದೆ ಇದ್ದ ದಿನವೂ ಆ ಪ್ಲೇಟಿನಿಂದ ರೈತನಿಗೆ ನಾಲ್ಕು ಕಾಸು ಬರಬೇಕು. ಆಗ ಸ್ವಿಚ್ ಆಫ್ ಮಾಡೋಕೆ ಕೈ ತಾನಾಗಿ ಹೋಗುತ್ತದೆ.

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಅನ್ನುವ ಹಳ್ಳಿಯಲ್ಲಿ 2016ರಲ್ಲಿ ಆರೇ ಜನ ರೈತರು ಸೇರಿ ಸೌರ ಸಹಕಾರ ಸಂಘ ಕಟ್ಟಿಕೊಂಡರು. ನಮ್ಮ ಹಾಲಿನ ಡೇರಿ ಇದ್ದ ಹಾಗೆ, ಹಾಲಿನ ಬದಲು ಕರೆಂಟ್. ತಮಗೆ ಬೇಕಾದಷ್ಟು ನೀರೆತ್ತಿಕೊಂಡು ಮಿಕ್ಕ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರುವುದು, ಯೂನಿಟ್ಟಿಗೆ 4 ರೂಪಾಯಿ 63 ಪೈಸೆ, 25 ವರ್ಷದ ಒಪ್ಪಂದ. ಅದಕ್ಕೆ ಬದಲಾಗಿ ಅಷ್ಟು ವರ್ಷ ಸಬ್ಸಿಡಿ ಕರೆಂಟಿನ ಕನೆಕ್ಷನ್ ಕೇಳಲ್ಲ ಅಂತ ರೈತರೂ ಬರೆದುಕೊಟ್ಟರು. ಶುರುವಿನಲ್ಲಿ ಇದನ್ನು ಮಾಡಿಸಿದ ಸಂಶೋಧನಾ ಸಂಸ್ಥೆ ನೀರು ಉಳಿಸಿದ್ದಕ್ಕೆ ಅಂತಲೇ ಬೇರೆ ಬೋನಸ್ ಕೂಡ ಕೊಟ್ಟಿತ್ತು.

ನಮ್ಮಲ್ಲಿ ಆಗಿಲ್ವಾ ಅಂದರೆ, ಅವರಿಗಿಂತ ಮೊದಲೇ ಯೋಚನೆ ಬಂದಿತ್ತು. 2014ರಲ್ಲಿ ಸೂರ್ಯ ರೈತ ಅಂತ ಯೋಜನೆ ಬಂತು. ಕನಕಪುರ ತಾಲ್ಲೂಕಿನ ಹಾರೋಬೆಲೆ ಸುತ್ತಮುತ್ತ 300ಕ್ಕೂ ಜಾಸ್ತಿ ಪಂಪ್‌ಸೆಟ್ಟಿಗೆ ಪ್ಲೇಟು ಹಾಕಿ, ಮಿಕ್ಕ ಕರೆಂಟನ್ನು ಮಾರುವ ವ್ಯವಸ್ಥೆ ಮಾಡಿದ್ದರು. ಅದು ಅಲ್ಲಿಗೇ ನಿಂತಿತು, ರಾಜ್ಯದ ತುಂಬ ಹರಡಲಿಲ್ಲ. ಈಗ ಕುಸುಮ್ ಸಿ ಭಾಗದಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲಿ ಸೋಲಾರ್ ಘಟಕ ಮಾಡಿ, ಪಂಪ್‌ಸೆಟ್ ಫೀಡರಿಗೆ, ಅಂದರೆ ಪಂಪುಗಳಿಗೆ ಹೋಗುವ ಲೈನಿಗೆ, ಹಗಲು ಕರೆಂಟ್ ಕೊಡುತ್ತಿದ್ದಾರೆ. ಹಗಲು ಕರೆಂಟ್ ಅಂದರೆ ಸಣ್ಣ ವಿಷಯ ಅಲ್ಲ, ಕೊಳಕುಮಂಡಲದ ಕಥೆ ಆಗಲೇ ಹೇಳಿದೆನಲ್ಲ. ಆದರೆ ಅದರಲ್ಲಿ ಕರೆಂಟ್ ಮಾರಿದ ದುಡ್ಡು ಘಟಕ ಹಾಕಿದವರಿಗೆ ಹೋಗುತ್ತದೆ. ರೈತನಿಗೆ 10 ಎಚ್‌ಪಿ ತನಕ ಉಚಿತ ಕರೆಂಟು ಹೇಗಿತ್ತೋ ಹಾಗೇ. ಅವನು ಒಂದು ದಿನ ಮೋಟ್ರು ಹಾಕದೇ ಇದ್ದರೆ ಅವನಿಗೇನು ಬಂತು? ಏನೂ ಇಲ್ಲ. ಮತ್ತೆ ಅವನು ಯಾಕೆ ಆಫ್ ಮಾಡುತ್ತಾನೆ?

ಲೆಕ್ಕ ಹಾಕಿ ನೋಡಿ. 5 ಎಚ್‌ಪಿ ಪಂಪಿಗೆ ಹೆಚ್ಚುಕಮ್ಮಿ 5 ಕಿಲೋವಾಟ್ ಪ್ಲೇಟು. ನಮ್ಮ ಕಡೆ ಬಿಸಿಲಿಗೆ ಒಂದು ಕಿಲೋವಾಟಿನಿಂದ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ, ಅಂದರೆ 20 ಯೂನಿಟ್. ಮಳೆಗಾಲ, ಕಟಾವು, ಭೂಮಿ ಖಾಲಿ ಬಿಟ್ಟ ದಿನ ಎಲ್ಲ ಸೇರಿ ವರ್ಷಕ್ಕೆ 150 ದಿನ ಪಂಪು ಬೇಡ ಅಂದುಕೊಳ್ಳಿ, 3,000 ಯೂನಿಟ್ ಆಯಿತು. ಯೂನಿಟ್ಟಿಗೆ ಬರೀ 3 ರೂಪಾಯಿ ಕೊಟ್ಟರೂ 9,000 ರೂಪಾಯಿ. ದೊಡ್ಡ ದುಡ್ಡಲ್ಲ. ಆದರೆ ಒಣಬೇಸಾಯದ ಎರಡು ಎಕರೆಯವನಿಗೆ ಬಿತ್ತನೆ ಖರ್ಚಿಗೆ ದಾರಿ ಆಗುತ್ತದೆ.

ನನ್ನಂಥ ಲೈನ್ ಇಲ್ಲದವನು ಕರೆಂಟ್ ಮಾರಲಾರ, ಒಪ್ಪುತ್ತೇನೆ. ಅದಕ್ಕೂ ದಾರಿ ಇದೆ. ಯುನಿವರ್ಸಲ್ ಕಂಟ್ರೋಲರ್ ಅಂತ ಬರುತ್ತದೆ, ಅದೇ ಪ್ಲೇಟಿನಿಂದ ಪಂಪು ಬೇಡದ ಹೊತ್ತಲ್ಲಿ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ ಎಲ್ಲ ಓಡಿಸಬಹುದು. ಕುಸುಮ್ ಯೋಜನೆಯಲ್ಲೇ ಅದಕ್ಕೆ ಅವಕಾಶ ಇದೆ. ನಾನು ಅರ್ಜಿ ಹಾಕುವಾಗ ಒಬ್ಬರೂ ಈ ಮಾತೆತ್ತಲಿಲ್ಲ. ಪೆಟ್ಟಿಗೆ ಕೂರಿಸಿದ ಮೇಲೆ ಆ ರಿಪೇರಿ ಹುಡುಗನಿಂದ ಗೊತ್ತಾಗಿದ್ದು. ನಮ್ಮ ಹಟ್ಟಿಯಲ್ಲಿ ಐದು ಹಸು ಇವೆ, ಸೀಮೆಹುಲ್ಲು ಕತ್ತರಿಸಿ ಕತ್ತರಿಸಿ ಹೆಂಡತಿಯ ಭುಜ ಹಿಡಿದುಕೊಂಡಿದೆ. ಪಕ್ಕದಲ್ಲೇ 5 ಕಿಲೋವಾಟ್ ಪ್ಲೇಟು ಸುಮ್ನೆ ಬಿಸಿಲು ಕಾಯಿಸಿಕೊಂಡು ನಿಂತಿದೆ.

ಪಾವಗಡದ ಮಾತು ಹೇಳದಿದ್ದರೆ ಈ ಪತ್ರ ಅರ್ಧ ಆಗುತ್ತದೆ, ಅದು ನಮ್ಮ ತುಮಕೂರು ಜಿಲ್ಲೆಯದೇ ತಾಲ್ಲೂಕು. ನಮ್ಮ ಭಾವ ತಿರುಮಣಿ ಕಡೆಯವರು. ಅಲ್ಲಿ ಐದು ಹಳ್ಳಿ ಸೇರಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಆಗಿದೆ. ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು, ಎಕರೆಗೆ ವರ್ಷಕ್ಕೆ 21,000, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಜಾಸ್ತಿ. ಬರಗಾಲದ ಊರಿಗೆ ಅದು ಕಡಿಮೆ ಏನಲ್ಲ. ಭಾವ ನೆಮ್ಮದಿಯಾಗಿದ್ದಾರೆ, "ಮಳೆ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ ಕಣಪ್ಪಾ" ಅನ್ನುತ್ತಾರೆ. ಆದರೆ ಅವರ ಹೊಲದಲ್ಲಿ ಕಡಲೆಕಾಯಿ ಕೀಳಲು ಬರುತ್ತಿದ್ದ ಹೆಂಗಸರಿಗೆ ಜಮೀನಿರಲಿಲ್ಲ, ಹಾಗಾಗಿ ಗುತ್ತಿಗೆ ದುಡ್ಡೂ ಇಲ್ಲ, ಈಗ ಕೂಲಿಯೂ ಇಲ್ಲ. ಕುರಿ ಮೇಯಿಸುವವರು ಬೇಲಿ ಸುತ್ತಿ ಹೋಗಬೇಕು. ಹೊಲವೂ ಉಳಿದು ಕರೆಂಟಿನ ದುಡ್ಡೂ ಬರಬೇಕು ಅಂದರೆ ಸಣ್ಣ ಸಣ್ಣ ಪಂಪುಗಳ ದಾರಿಯೇ ವಾಸಿ ಅಂತ ನಾನು ಹೇಳೋದು ಅದಕ್ಕೇ. ಭಾವ ಒಪ್ಪಲ್ಲ, ಹಬ್ಬಕ್ಕೆ ಸೇರಿದಾಗೆಲ್ಲ ನಮ್ಮಿಬ್ಬರಿಗೂ ಇದೇ ಜಗಳ.

ಕೊನೆಗೆ ನಾನೇನು ಮಾಡಿದೆ ಅಂತ ಕೇಳುವವರಿಗೆ ಹೇಳುತ್ತೇನೆ. ಇನ್ನರ್ಧ ಎಕರೆಗೆ ಅಂತ ತಂದಿದ್ದ ಅಡಿಕೆ ಸಸಿ ವಾಪಸ್ ಕೊಟ್ಟೆ. ಮೂಲೆಯಲ್ಲಿ ಕೃಷಿ ಹೊಂಡ ತೆಗೆಸಿದ್ದೇನೆ, ಮಳೆ ನೀರು ಅಲ್ಲಿ ನಿಂತರೆ ಕಡಲೆಕಾಯಿಗೆ ಬೋರಿನ ಹಂಗಿಲ್ಲ. ಪಂಪನ್ನು ದಿನಕ್ಕೆ ಮೂರೇ ಗಂಟೆ ಅಂತ ಇಟ್ಟುಕೊಂಡಿದ್ದೇನೆ. ಪಕ್ಕದವರು ಇಡೀ ದಿನ ಓಡಿಸುವಾಗ ನಾನೊಬ್ಬ ಆಫ್ ಮಾಡಿದರೆ ನೀರು ಅವರ ಬೋರಿಗೆ ಹೋಗುತ್ತದೆ, ಅದೂ ಗೊತ್ತು. ಅದಕ್ಕೇ ಸಂಘ ಬೇಕು, ಮೀಟರ್ ಬೇಕು, ಉಳಿಸಿದವನಿಗೆ ದುಡ್ಡು ಬೇಕು ಅಂತ ಕೂಗುತ್ತಿರೋದು. ಇಂಧನ ಇಲಾಖೆಯವರು, ಕೃಷಿ ಇಲಾಖೆಯವರು, ಅಂತರ್ಜಲ ಇಲಾಖೆಯವರು ಮೂವರೂ ಒಂದೇ ಟೇಬಲ್ಲಿಗೆ ಬಂದು, ಒಂದೇ ಒಂದು ಹೋಬಳಿಯಲ್ಲಿ ಮಾಡಿ ತೋರಿಸಲಿ. ನಮ್ಮ ಹೋಬಳಿಯೇ ಆಗಲಿ, ಬೋರಿನ ಪಕ್ಕ ಮೀಟರ್ ಕೂರಿಸಲು ನನ್ನ ಅಭ್ಯಂತರ ಇಲ್ಲ.

ಹಾಗೇ, ಕೋತಿ ಒಡೆದ ಪ್ಲೇಟು ವಾರಂಟಿಯಲ್ಲಿ ಬರುತ್ತಾ ಇಲ್ವಾ ಅಂತ ಗೊತ್ತಿದ್ದ ಓದುಗರು ಇದ್ದರೆ ದಯವಿಟ್ಟು ಇದೇ ಅಂಕಣಕ್ಕೆ ಬರೆಯಿರಿ. ಕಂಪನಿಯವರು ಇನ್ನೂ ಹೇಳಿಲ್ಲ.

ಇತಿ,
ಮಧುಗಿರಿ ತಾಲ್ಲೂಕಿನ ಒಬ್ಬ ರೈತ